ವೈರಿನಲ್ಲಿ ಹೆಣ ಹೋಗಕೂಡದು

ಓಬಳಮ್ಮ ಸತ್ತಳು. ಅದನ್ನು ಯಾರೂ ತಪ್ಪು ಅನ್ನಲಿಲ್ಲ. ಸತ್ತ ಮೇಲೆ ಅವಳನ್ನು ವೈರಿನಲ್ಲಿ ತೋರಿಸಬೇಕು ಅಂದದ್ದು ತಪ್ಪಾಯಿತು.

ಬೆಳಗಾಗುತ್ತಲೇ ಅವಳ ತಮ್ಮ ಮುನಿಶಾಮಪ್ಪ ಫೋನು ಹಿಡಿದುಕೊಂಡು ಕೇರಿಯಿಂದ ದೊಡ್ಡಬೀದಿಗೆ ಹೋದ. ಎರ್ರಗುಟ್ಟಹಳ್ಳಿ ಎರಡು ಗುಟ್ಟಗಳ, ಅಂದರೆ ಕಲ್ಲುಗುಡ್ಡಗಳ, ನಡುವಿನ ತಗ್ಗಿನಲ್ಲಿ ಕೂತ ಊರು. ಕಾಮಸಮುದ್ರದ ಟವರು ಗುಟ್ಟದ ಆಚೆಗೇ ನಿಂತುಬಿಡುತ್ತದೆ. ಆಂಧ್ರದ ಟವರು ಬಂದಂತೆ ಮಾಡಿ ಹೊರಟುಹೋಗುತ್ತದೆ. ಊರಿಗೆಲ್ಲ ಸಿಗ್ನಲ್ ಸಿಗುವುದು ಒಂದೇ ಕಡೆ, ದೊಡ್ಡಬೀದಿಯಲ್ಲಿ, ಆಂಜನೇಯನ ಗುಡಿಯ ಮುಂದಿನ ಅರಳಿಕಟ್ಟೆಯ ಹತ್ತಿರ. ಬೀದಿಯವರು ಕಟ್ಟೆಯ ಮೇಲೆ ಕೂತು ಮಾತಾಡುತ್ತಾರೆ. ಕೇರಿಯವರು ಕೆಳಗೆ ನಿಂತು ಮಾತಾಡುತ್ತಾರೆ. ಸಿಗ್ನಲ್ ಇಬ್ಬರಿಗೂ ಒಂದೇ ಥರ ಸಿಗುತ್ತದೆ. ಇದನ್ನು ಇನ್ನೂ ಯಾರೂ ಗಮನಿಸಿಲ್ಲ.

ಓಬಳಮ್ಮನಿಗೆ ಒಬ್ಬಳೇ ಮಗಳು, ಇಂದ್ರಾಣಿ. ಕುವೈತಿನಲ್ಲಿ ಒಂದು ಮನೆಯ ಕೆಲಸಕ್ಕಿದ್ದಾಳೆ. ಅಪ್ಪ ಇಲ್ಲದ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದವನು ಈ ಸೋದರಮಾವ. ಸುದ್ದಿ ಕೇಳಿ ಅವಳಿಗೆ ಬಾಯಿಬಿಟ್ಟು ಅಳುವುದಕ್ಕೂ ಆಗಲಿಲ್ಲ. ಪಕ್ಕದ ಕೋಣೆಯಲ್ಲಿ ಆ ಮನೆಯ ಮಕ್ಕಳು ಮಲಗಿದ್ದರು.

"ಮಾವ, ನಂಗೆ ಬರಕ್ಕಾಗಲ್ಲ. ಪಾಸ್‌ಪೋರ್ಟು ಈ ಮನೆಯಮ್ಮನ ಬೀರೂಲೈತೆ" ಅಂದಳು ಪಿಸುಮಾತಿನಲ್ಲಿ. "ಇವರು ಮಧ್ಯಾನ ಉಂಡು ಮಲಗೋ ಒತ್ತಿಗೆ ನಿಮಗೆ ಸಾಯಂಕಾಲ ಆಗಿರ್ತದೆ. ಆವಾಗ ಅವ್ವನ ಮೊಕ ತೋರಿಸು. ಅವ್ವನ ಕಿವೀಲಿ ನಾನೇ ಕೂಗ್ಬೇಕು. ನಾನು ಕೂಗೋವರೆಗೂ ಮಣ್ಣಾಕಬೇಡ ಮಾವ."

"ಅಂಗೇ ಆಗ್ಲಮ್ಮ."

ಕೇರಿಯಲ್ಲಿ ಅದೊಂದು ಪದ್ಧತಿ. ಹೆತ್ತ ಮಕ್ಕಳು ಸತ್ತವರ ಕಿವಿಯ ಹತ್ತಿರ ಮೂರು ಸಲ ಕರೆಯಬೇಕು. ಮೂರಕ್ಕೂ ಓಗೊಡದಿದ್ದರೆ ಸತ್ತರು ಎಂದು ಲೆಕ್ಕ. ಅಲ್ಲಿಯ ತನಕ ಡಾಕ್ಟರು ಹೇಳಿದರೂ ಸತ್ತಂತಲ್ಲ. ಮಕ್ಕಳು ಕರೆಯದೆ ಮಣ್ಣು ಹಾಕಿದರೆ ಬದುಕಿದ್ದವರನ್ನೇ ಹೂತಂತೆ.

ಮುನಿಶಾಮಪ್ಪ ವಾಪಸು ಬಂದು ವಿಷಯ ಹೇಳಿದಾಗ ಅಂಗನವಾಡಿಯ ಸಹಾಯಕಿ ಗಂಗರತ್ನಮ್ಮ ಹೆಣದ ತಲೆಯ ಹತ್ತಿರ ಕೂತಿದ್ದಳು. ಕೇರಿಯಲ್ಲಿ ಫೋನಿನ ಸಂಗತಿ ಚೆನ್ನಾಗಿ ತಿಳಿದವಳು ಅವಳು. ಬಾಯಿಯೂ ಜೋರು.

"ಎಂಗೆ ತೋರಿಸ್ತೀಯಣ್ಣ? ಮರ್ತೋಯ್ತಾ? ನಮ್ಮ ವೈರಲ್ಲಿ ಸಾವು ಬಂದ್ ಮಾಡವ್ರಲ್ಲ" ಅಂದಳು.

ಮುನಿಶಾಮಪ್ಪ ಮರೆತಿರಲಿಲ್ಲ. ಮರೆಯುವ ಪೈಕಿ ಅಲ್ಲ ಅವನು.

ಆ ವೈರನ್ನು ಊರಿಗೆ ತಂದವನು ಬಂಗಾರಪೇಟೆಯ ನಂದಕುಮಾರ್. ಮೊದಲು ಕೇಬಲ್ ಟೀವಿ ಕೊಡುತ್ತಿದ್ದ, ಈಗ ಇಂಟರ್‌ನೆಟ್ ಕೊಡುತ್ತಾನೆ. ಮೇನ್ ರೋಡಿನಿಂದ ಊರ ತನಕ ವೈರು ಹೂಳಲು ಗುಂಡಿ ತೋಡಿದ್ದು ಕೇರಿಯವರು. ಮೇಲೆ ಒಂದು ಮೊಳ ಮಣ್ಣು, ಕೆಳಗೆಲ್ಲ ಬಂಡೆ. ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು. ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಯೊಳಗೆ ಕಲ್ಲು ತುಂಬಿ ಬಂದ ಮುನಿಶಾಮಪ್ಪನ ಕೈಯೇ ಬೊಬ್ಬೆ ಎದ್ದು ಒಡೆಯಿತು. ಓಬಳಮ್ಮ ಮಣ್ಣು ಹೊತ್ತಳು. ಸಂಜೆ ಉಪ್ಪುನೀರಿನಲ್ಲಿ ಕೈ ಅದ್ದಿಕೊಂಡು, "ಇದ್ರಲ್ಲಿ ನನ್ನ ಮಗಳು ಬತ್ತಾಳಂತೆ" ಎಂದು ನಕ್ಕಿದ್ದಳು. ಬಂದಳು ಕೂಡ. ದಿನಾ ಸಾಯಂಕಾಲ ಮಗಳ ಮುಖ ಫೋನಿನ ಪುಟ್ಟ ಗಾಜಿನಲ್ಲಿ ಬರುತ್ತಿತ್ತು.

ಆಮೇಲೆ ಊರ ಯಜಮಾನ ನಾರೆಪ್ಪನ ಹೊಸ ಮನೆಯ ಗೃಹಪ್ರವೇಶ ಬಂತು. ಬಾಗಿಲಷ್ಟು ದೊಡ್ಡ ಟೀವಿ. ಅದರಲ್ಲಿ ದೇವರ ಹಾಡು ಹಚ್ಚಿದ್ದರು. ಅದೇ ದಿನ ಕೇರಿಯಲ್ಲಿ ತಮಟೆ ಬಡಿಯುವ ಮುದುಕ ಒಬ್ಬ ತೀರಿಕೊಂಡಿದ್ದ. ಅವನ ಮಕ್ಕಳು ತಿರುಪ್ಪೂರಿನಲ್ಲಿ, ನೆಂಟರು ಚೆನ್ನೈಯಲ್ಲಿ. ಸಾವನ್ನು ಫೋನಿನಲ್ಲಿ ಲೈವ್ ಬಿಟ್ಟಿದ್ದರು. ಇಲ್ಲಿ ನಾರೆಪ್ಪನ ಟೀವಿಯಲ್ಲಿ ಹಾಡುತ್ತಿದ್ದವಳು ಬಾಯಿ ತೆರೆದುಕೊಂಡು ಹಾಗೇ ನಿಂತುಬಿಟ್ಟಳು. ನೆಂಟರೆಲ್ಲ ಅವಳ ಹಲ್ಲು ನೋಡುತ್ತಾ ಕೂತರು.

ಲೈನ್‌ಮನ್‌ನನ್ನು ಕರೆಸಿದರು. ಅವನು ವೈರಿನ ಪೆಟ್ಟಿಗೆ ತೆಗೆದು ನೋಡಿ ಅಂದ, "ಕೇರಿ ಕಡೆಯಿಂದ ಒಂದು ಸಾವು ಓಗ್ತಾ ಐತೆ ಯಜಮಾನ್ರೆ. ಅದು ದಾಟೋವರೆಗೂ ನಿಮ್ದು ಇಂಗೇ."

"ಓಗ್ತಾ ಐತೆ ಅಂದ್ರೆ? ಎಲ್ಲಿಂದ?"

"ಇದ್ರಾಗೇ" ಎಂದು ಅವನು ಗೋಡೆಯ ಮೇಲಿನ ವೈರು ತೋರಿಸಿದ.

ನಾರೆಪ್ಪ ವೈರು ನೋಡಿದ. ಅದು ಬೀದಿಯಿಂದ ಬಂದು, ಅವನ ತುಳಸಿಕಟ್ಟೆಯ ಮೇಲೆ ಹಾದು, ಅಡಿಗೆಮನೆಯ ಕಿಟಕಿ ಬಳಸಿ ಕೇರಿಗೆ ಹೋಗಿತ್ತು. ಅವನ ತಾಯಿ ವೆಂಕಟರತ್ನಮ್ಮ ಸೆರಗು ಮೂಗಿಗೆ ಹಿಡಿದಳು. "ನಾರೆಪ್ಪಾ, ಅಂಗಾದ್ರೆ ಅವನು ನಮ್ಮ ಒಲೆ ಪಕ್ಕಾನೇ ಓದ್ನೇನೋ?"

ಕೇರಿಯ ಹೆಣಗಳು ದೊಡ್ಡಬೀದಿಯಲ್ಲಿ ಹೋಗುವಂತಿಲ್ಲ. ಕೇರಿಯ ಸುಡುಗಾಡು ಇರುವುದು ಬೀದಿ ದಾಟಿದ ಮೇಲೆ, ಕೆರೆಯ ಅಂಚಿನಲ್ಲಿ. ಬೀದಿಯಲ್ಲಿ ಹೋದರೆ ಒಂದು ಬೀಡಿ ಸೇದುವಷ್ಟರಲ್ಲಿ ಮುಟ್ಟಬಹುದು. ಆದರೆ ಹಳ್ಳಕ್ಕೆ ಇಳಿದು, ಜಾಲಿಮುಳ್ಳಿನಲ್ಲಿ ನುಗ್ಗಿ, ಬಂಡೆ ಹತ್ತಿ ಸುತ್ತು ದಾರಿಯಲ್ಲಿ ಹೋಗಬೇಕು. ಹೊತ್ತವರ ಮೊಣಕಾಲು ತರಚಿ ರಕ್ತ ಬರುತ್ತದೆ. ಅಜ್ಜನ ಕಾಲದಿಂದ ಅದೇ ದಾರಿ. ಈಗ ನೋಡಿದರೆ ಕೇರಿಯವರು ಯಾರಿಗೂ ಹೇಳದೆ ಹೆಣವನ್ನು ಗೋಡೆಯ ಮೇಲೆ ಸಾಗಿಸುತ್ತಿದ್ದಾರೆ ಎಂದು ದೊಡ್ಡಬೀದಿಯಲ್ಲಿ ಗುಲ್ಲೆದ್ದಿತು.

ಪೂಜಾರಿಯನ್ನು ಕೇಳಿದರು. ವೈರಿಗೆ ಮೈಲಿಗೆ ಉಂಟೋ ಇಲ್ಲವೋ ಅವನಿಗೆ ತಿಳಿಯದು. ಯಾವುದಕ್ಕೂ ಇರಲಿ ಎಂದು ಗಂಜಳ ಹಾಕಲು ಹೇಳಿದ. ವೈರಿಗೆ ಹಾಕಿ, ಪೆಟ್ಟಿಗೆಯ ಬಾಗಿಲು ತೆಗೆದು ಅದರೊಳಗೂ ಒಂದು ಚೊಂಬು ಸುರಿದರು. ಪೆಟ್ಟಿಗೆ ಚಟಚಟ ಅಂದು ಹೊಗೆ ಬಿಟ್ಟಿತು. ದೊಡ್ಡಬೀದಿಗೆಲ್ಲ ನೆಟ್ ಹೋಯಿತು. ಇನ್ನೂ ಅನುಮಾನ ಇದ್ದವರಿಗೂ ಆಗ ನಂಬಿಕೆ ಬಂತು, ಸಾವಿನ ಮೈಲಿಗೆ ಎಂಥದ್ದು ನೋಡಿದಿರಾ ಎಂದರು.

ನಂದಕುಮಾರ್ ಬಂದು ಹೊಸ ಪೆಟ್ಟಿಗೆ ಹಾಕಿದ. ಯಜಮಾನ ಅಪ್ಪಣೆ ಕೊಡಿಸಿದ. "ಅವರು ಸಿನಿಮಾ ನೋಡ್ಕಳ್ಳಿ, ಕ್ರಿಕೆಟ್ ನೋಡ್ಕಳ್ಳಿ. ಅವರ ಕಡೆಗೆ ಓಗೋದಕ್ಕೆ ನಾವು ಬ್ಯಾಡ ಅನ್ನಲ್ಲ. ಅವರ ಕಡೆಯಿಂದ ಸಾವು ಮಾತ್ರ ಈ ಗೋಡೆ ಮೇಲೆ ಬರಕೂಡದು."

ನಂದಕುಮಾರನ ಮೆಷಿನ್ನಿಗೆ ಸಾವು ಯಾವುದು, ಮದುವೆ ಯಾವುದು ತಿಳಿಯುವುದಿಲ್ಲ. ಅದಕ್ಕೆ ಕೇರಿಯಿಂದ ಹೊರಗೆ ಹೋಗುವ ವಿಡಿಯೋ, ವೈರಿನ ಮೇಲೆ ಮಾಡುವ ಕರೆ, ಎಲ್ಲವನ್ನೂ ನಿಲ್ಲಿಸಿದ. ಕೇರಿಗೆ ಬರುವುದೆಲ್ಲ ಬರುತ್ತದೆ, ಕೇರಿಯದು ಯಾವುದೂ ಹೋಗುವುದಿಲ್ಲ. ಹಿಂದೆ ಬಾವಿಯ ಹತ್ತಿರ ದೂರ ನಿಂತು ಬೊಗಸೆ ಒಡ್ಡುತ್ತಿದ್ದರು, ಮೇಲಿನಿಂದ ಹೊಯ್ಯುತ್ತಿದ್ದರು. ಈಗ ಫೋನು ಒಡ್ಡಿಕೊಂಡು ಕೂತರು. ಒಬ್ಬಳಿಗೆ ಮಗು ಹುಟ್ಟಿತು, ಹಸಿಕೂಸನ್ನು ಕಟ್ಟೆಗೆ ಒಯ್ಯುವಂತಿಲ್ಲ, ತಿರುಪ್ಪೂರಿನಲ್ಲಿದ್ದ ಗಂಡನಿಗೆ ತೋರಿಸಲು ಆಗಲಿಲ್ಲ. ಆಗತಾನೆ ಹುಟ್ಟಿದ ಕೂಸನ್ನೂ ಹೆಣದ ಲೆಕ್ಕಕ್ಕೆ ಹಾಕಿದ್ದರು. ಮಗಳು ಗಾಜಿನೊಳಗೆ ಬರುವುದು ನಿಂತ ಮೇಲೆ ಓಬಳಮ್ಮ ಸಂಜೆ ಹೊತ್ತು ಸುಮ್ಮನೆ ಗೋಡೆ ನೋಡುತ್ತಾ ಕೂರುತ್ತಿದ್ದಳು.

ಈಗ ಅಕ್ಕನ ಹೆಣವನ್ನು ಗಂಗರತ್ನಮ್ಮನಿಗೆ ಒಪ್ಪಿಸಿ ಮುನಿಶಾಮಪ್ಪ ಬಸ್ಸು ಹತ್ತಿ ಬಂಗಾರಪೇಟೆಗೆ ಹೋದ. ನಂದಕುಮಾರನ ಆಫೀಸು ರೈಲ್ವೆ ಗೇಟಿನ ಹತ್ತಿರ, ಬೇಕರಿಯ ಮೇಲೆ. ಒಳಗೆ ತಣ್ಣಗೆ ಏಸಿ. ಮುನಿಶಾಮಪ್ಪ ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲಿ ನಿಂತ.

"ಸ್ವಾಮಿ, ಇವತ್ತು ಸಾಯಂಕಾಲ ಒಂದು ಗಳಿಗೆ ನಮ್ಮ ಲೈನು ಬಿಡಬೇಕು. ನಮ್ಮಕ್ಕ ತೀರೋದ್ಲು. ಮಗಳು ಕುವೈತಲ್ಲವ್ಳೆ."

"ಅಯ್ಯೋ ಪಾಪ" ಅಂದ ನಂದಕುಮಾರ್. ಕೆಟ್ಟವನೇನಲ್ಲ. ಎದ್ದು ಸ್ಟೂಲು ಕೊಟ್ಟ. "ಆದ್ರೆ ತಾತ, ಸಾವೇ ಅಲ್ವಾ ಆಗಬಾರ್ದು ಅಂದಿರೋದು? ಮದುವೆ ಆಗಿದ್ರೆ ಎಂಗೋ ಮಾತಾಡಬಹುದಿತ್ತು."

"ಅವಳು ಸತ್ತೋಗವ್ಳೆ ಸ್ವಾಮಿ. ಈಗ ಎಲ್ಲಿ ಮದುವೆ ಮಾಡ್ಲಿ?"

"ಅದೂ ಸರಿನೇ." ಅವನು ಸ್ವಲ್ಪ ಹೊತ್ತು ನಿಜವಾಗಿ ಯೋಚನೆ ಮಾಡಿದ. "ನೋಡಿ ತಾತ, ನಮ್ಮ ಲೈನಲ್ಲಿ ಒಂದೊಂದು ಥರದ್ದಕ್ಕೆ ಒಂದೊಂದು ದಾರಿ ಮಾಡಿರ್ತೀವಿ. ಯಾವ್ದು ಬೇಗ ಓಗ್ಬೇಕು, ಯಾವ್ದು ನಿಧಾನ, ಯಾವ್ದು ಓಗಲೇಬಾರ್ದು. ಎಲ್ಲಾ ಕಡೆ ಇಂಗೇನೇ. ನಿಮ್ಮೂರಲ್ಲಿ ನಾನು ಹೊಸದೇನೂ ಮಾಡಿಲ್ಲ."

"ಇಲ್ಲ ಬಿಡಿ. ನಮ್ಮೂರಲ್ಲಿ ಅದು ಮೊದ್ಲಿಂದ ಐತೆ" ಅಂದ ಮುನಿಶಾಮಪ್ಪ.

"ನಾನೊಂದು ದಾರಿ ಯೋಚನೆ ಮಾಡಿದೀನಿ. ನಿಮ್ಮ ಸಾವಿಗೇ ಅಂತ ಬೇರೆ ವೈರು ಎಳೀತೀನಿ. ಸುತ್ತು ದಾರೀಲಿ, ಹಳ್ಳದ ಕಡೆಯಿಂದ. ಯಾರ ಗೋಡೇನೂ ಮುಟ್ಟಲ್ಲ. ಯಜಮಾನ್ರೂ ಒಪ್ಪವ್ರೆ. ಗುಂಡಿ ಮಾತ್ರ ನೀವೇ ತೋಡ್ಕೊಡಿ. ಒಂದು ವಾರದ ಕೆಲ್ಸ."

ಮುನಿಶಾಮಪ್ಪ ಅವನ ಮುಖ ನೋಡಿದ. ಹುಡುಗ ತಮಾಷೆ ಮಾಡುತ್ತಿರಲಿಲ್ಲ. ಉಪಕಾರ ಮಾಡುತ್ತಿದ್ದ.

ಗಣಿಯ ಕೇಜು ನೆನಪಾಯಿತು. ಮೇಲೆ ಕೆಳಗೆ ಹೋಗುವ ಕಬ್ಬಿಣದ ಪಂಜರ ಅದು. ಒಂದು ಸಲ ಒಳಗೆ ಬಂಡೆ ಸಿಡಿದು ಜನ ಸತ್ತರು. ಕಕ್ಕಸು ತೊಳೆಯುವವನೂ ಸತ್ತ, ದೊಡ್ಡ ಸಾಹೇಬನ ಅಳಿಯನೂ ಸತ್ತ. ಹೆಣಗಳನ್ನು ಒಂದೇ ಕೇಜಿನಲ್ಲಿ ತುಂಬಿ, ಪಕ್ಕದಲ್ಲಿ ಬದುಕಿದವರನ್ನು ನಿಲ್ಲಿಸಿ ಮೇಲೆತ್ತಿದರು. ಯಾರ ಕಾಲು ಯಾರ ಮೇಲಿತ್ತೋ. ಇನ್ನೊಂದು ಹಗ್ಗ ಇರಲಿಲ್ಲ, ಇನ್ನೊಂದು ಹಗ್ಗ ಬೇಕೆಂದು ಯಾರೂ ಕೇಳಲೂ ಇಲ್ಲ. ಮೇಲೆ ಬಂದ ಮೇಲೆ ಬೇರೆ ಬೇರೆ ದಾರಿ ಕೇಳಿದರು.

"ಮೊದಲ್ನೇ ಗುಂಡೀನೂ ನಾವೇ ತೋಡಿದ್ದು ಸ್ವಾಮಿ" ಅಂದ.

"ಅದಕ್ಕೇ ತಾನೆ ನಿಮ್ಮನ್ನ ಕೇಳ್ತಿರೋದು. ನಿಮಗೆ ಅಭ್ಯಾಸ ಐತೆ."

"ಈ ಗುಂಡಿ ನಾನು ತೋಡಲ್ಲ." ಸ್ಟೂಲಿನಿಂದ ಎದ್ದ. "ಇವತ್ತು ತೋಡಬೇಕಾದ ಗುಂಡಿ ಒಂದೇ. ಅದು ನಮ್ಮಕ್ಕಂದು."

ಅವನು ಬರುವ ಹೊತ್ತಿಗೆ ಬಿಸಿಲು ಏರಿ ಇಳಿಯುತ್ತಿತ್ತು. ಓಬಳಮ್ಮನ ಮೈ ಬಿಗಿದಿತ್ತು. ಬೇವಿನ ಸೊಪ್ಪಿನಲ್ಲಿ ನೊಣ ಓಡಿಸುತ್ತಿದ್ದರು. ಗುಂಡಿ ತೋಡಿ ಬಂದವರು ಬೆವರು ಒರೆಸಿಕೊಂಡು ಕೂತಿದ್ದರು.

"ಪೋಟೋ ತೆಗ್ದು ಕಟ್ಟೆ ಹತ್ರ ಓಗಿ ಕಳಿಸ್ಲೇನಣ್ಣ?" ಅಂದಳು ಗಂಗರತ್ನಮ್ಮ.

"ಪೋಟೋಗೆ ಕಿವಿ ಇರ್ತದೇನಮ್ಮ?"

ಮುನಿಶಾಮಪ್ಪ ಅಕ್ಕನ ಕಾಲ ಹತ್ತಿರ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಕೇಳಿದ.

"ಸಿಗ್ನಲ್ ಎಲ್ಲೈತೆ?"

"ಕಟ್ಟೆ ಹತ್ರ."

"ಅಕ್ಕ ಎಲ್ಲವ್ಳೆ?"

"ಇಲ್ಲೇ."

"ಸಿಗ್ನಲ್‌ನ ಇಲ್ಲಿಗೆ ಎತ್ಕೊಂಡ್ ಬರಕ್ಕಾಗ್ತದಾ?"

"ಅದೆಂಗಾಗ್ತದೆ?"

"ಮತ್ತೆ?"

ಕೂತವರ ಕಣ್ಣು ದೊಡ್ಡಬೀದಿಯ ಕಡೆ ತಿರುಗಿತು. "ಬಡೀತಾರೆ ಕಣಣ್ಣ" ಅಂದ ಒಬ್ಬ. "ನಾಳೆಯಿಂದ ಡೇರೀಲಿ ನಮ್ಮ ಹಾಲು ಅಳೆಯಲ್ಲ" ಅಂದ ಇನ್ನೊಬ್ಬ.

"ಅಳೀದಿದ್ರೆ ಮಕ್ಕಳಿಗೆ ಕುಡ್ಸಿ. ಅವೂ ಒಂದಿನ ಹಾಲಿನ ಬಣ್ಣ ನೋಡ್ಲಿ" ಅಂದಳು ಗಂಗರತ್ನಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿ ಚಟ್ಟದ ಒಂದು ಮೂಲೆಗೆ ತಾನೇ ಕೈ ಹಾಕಿದಳು. ಹೆಂಗಸು ಕೈ ಹಾಕಿದ ಮೇಲೆ ಗಂಡಸರಿಗೆ ಕೂತಿರಲು ಆಗಲಿಲ್ಲ.

ತಮಟೆ ಇಲ್ಲದೆ ಹೊರಟರು. ಹಳ್ಳದ ದಾರಿ ಬಂದಾಗ ಕಾಲುಗಳು ತಾವಾಗಿಯೇ ಆ ಕಡೆ ತಿರುಗಿದವು. "ನೇರಕ್ಕೆ" ಅಂದ ಮುನಿಶಾಮಪ್ಪ. ಅಷ್ಟೇ ಅಂದದ್ದು. ನೇರಕ್ಕೆ ಹೋದರು.

ದೊಡ್ಡಬೀದಿಯಲ್ಲಿ ಅದು ಡೇರಿಗೆ ಹಾಲು ಹಾಕುವ ಹೊತ್ತು. ಕ್ಯಾನು ಹಿಡಿದು ಸಾಲು ನಿಂತವರು ಚಟ್ಟ ನೋಡಿ ಮೊದಲು ಮಾಡಿದ ಕೆಲಸ ಕ್ಯಾನಿನ ಮುಚ್ಚಳ ಹಾಕಿದ್ದು. ಒಬ್ಬ ಮುಚ್ಚಳ ಸಿಗದೆ ಟವಲು ಹಾಕಿದ. ಇನ್ನೊಬ್ಬ ಕ್ಯಾನಿನ ಮೇಲೆ ತಾನೇ ಕೂತ. ಕಟ್ಟೆಯ ಕೆಳಗೆ, ದಿನಾ ಕೇರಿಯವರು ನಿಂತು ಮಾತಾಡುವ ಜಾಗದಲ್ಲಿಯೇ, ಚಟ್ಟ ಇಳಿಸಿದರು.

ನಾರೆಪ್ಪ ಓಡಿ ಬಂದ. ಪಂಚೆ ಕಟ್ಟುವುದು ಅರ್ಧಕ್ಕೇ ಬಿಟ್ಟು ಬಂದಿದ್ದ.

"ಏನ್ಲಾ ಮುನಿಶಾಮಿ ಇದು?"

"ಪೋನ್ ಮಾಡಕ್ಕೆ ಬಂದ್ವಿ ಯಜಮಾನ್ರೆ."

"ಪೋನ್ ಮಾಡಕ್ಕೆ ಎಣ ಹೊತ್ಕೊಂಡ್ ಬತ್ತಾರೇನ್ಲಾ?"

"ಪೋನು ಬಂದಿರೋದು ಅವಳಿಗೆ."

ನಾರೆಪ್ಪನ ಬಾಯಿ ಹಾಗೇ ತೆರೆದುಕೊಂಡಿತು. ಅಷ್ಟರಲ್ಲಿ ಬೀದಿಯ ಗಂಡಸರು ಸುತ್ತ ಸೇರಿದರು. ಒಬ್ಬ ದೊಣ್ಣೆ ತಂದಿದ್ದ. ಆದರೆ ಹೊಡೆಯಬೇಕಾದರೆ ಹತ್ತಿರ ಬರಬೇಕು, ಹತ್ತಿರ ಬಂದರೆ ಹೆಣ ತಾಗುತ್ತದೆ. ಅದಕ್ಕೆ ಅವನು ದೂರದಿಂದಲೇ ದೊಣ್ಣೆ ಆಡಿಸುತ್ತಾ ನಿಂತ. ನಾರೆಪ್ಪ ಕಟ್ಟೆ ಹತ್ತಿ ನಂದಕುಮಾರನಿಗೆ ಫೋನು ಹಚ್ಚಿದ.

"ಲೇ ನಂದಕುಮಾರ, ಮೊದ್ಲು ಅವರ ಲೈನು ಬಿಡೋ. ಸಾವು ಓಗ್ಲಿ. ನಮ್ಮ ಗೋಡೆ ಮೇಲೇ ಓಗ್ಲಿ. ಈಗ ಬಿಡು, ಈಗ." ಕೆಳಗೆ ನೋಡಿ ಅಂದ, "ಬಿಟ್ಟವ್ನಂತೆ ಕಣ್ಲಾ. ಎತ್ಕೊಂಡ್ ನಿಮ್ಮ ಕೇರಿಗೆ ಓಗಿ, ಅಲ್ಲೇ ಕೂತ್ಕಂಡು ಒಟ್ಟೆ ತುಂಬ ಮಾತಾಡ್ಕಳಿ."

"ಎಂಗೆ ಓಗ್ಲಿ ಯಜಮಾನ್ರೆ? ಮನೆ ಬಿಟ್ಟ ಎಣ ಇಂದಕ್ಕೆ ತಿರುಗಬಾರ್ದು."

"ಏನಾಗ್ತದೆ ತಿರುಗಿದ್ರೆ?"

ಉತ್ತರ ಬಂದದ್ದು ನಾರೆಪ್ಪನ ಬಾಗಿಲಿನಿಂದ. ವೆಂಕಟರತ್ನಮ್ಮ ಹೊಸಲಿನ ಮೇಲೆ ನಿಂತು ಎರಡೂ ಕೈ ಆಡಿಸುತ್ತಿದ್ದಳು. "ಬ್ಯಾಡ್ವೋ ನಾರೆಪ್ಪಾ, ತಿರುಗಿಸ್ಬೇಡ. ಇಂದಕ್ಕೆ ತಿರುಗಿದ ಎಣ ಮೊದ್ಲು ಸಿಕ್ಕಿದ ಮನೆಗೆ ನುಗ್ತದೆ. ಮೊದ್ಲು ಸಿಗೋದು ನಮ್ಮನೆ ಕಣೋ."

ಇದು ಊರಿಗೆಲ್ಲ ಒಂದೇ ನಂಬಿಕೆ. ಬೀದಿಯಲ್ಲೂ ಅದೇ, ಕೇರಿಯಲ್ಲೂ ಅದೇ. ದೊಣ್ಣೆಯವನೂ ತಲೆಯಾಡಿಸಿದ. "ಅಜ್ಜಿ ಅನ್ನೋದು ನಿಜ. ಮುಂದಕ್ಕೇ ಓಗ್ಬೇಕು."

"ಮುಂದಕ್ಕೆ ಅಂದ್ರೆ ಬೀದಿ ಉದ್ದಕ್ಕೂ ಓಗ್ಬೇಕಲ್ಲೋ."

"ಊಂ."

ನಾರೆಪ್ಪ ಹಣೆ ಹಿಡಿದುಕೊಂಡ. "ಸರಿ, ಬೇಗ ಮಾತಾಡಿ ಬೇಗ ಎತ್ರಪ್ಪ."

ಗಂಗರತ್ನಮ್ಮ ಕರೆ ಹಚ್ಚಿದಳು. ಗಾಜಿನ ಮೇಲೆ ಸಣ್ಣ ಬಿಳಿ ಚಕ್ರ ತಿರುಗತೊಡಗಿತು. ತಿರುಗಿತು, ತಿರುಗಿತು. ಸಂಜೆ ಹೊತ್ತು ಕಟ್ಟೆಯ ಸುತ್ತ ಎಲ್ಲರ ಕೈಯಲ್ಲೂ ಫೋನು. ಇದ್ದ ಸಿಗ್ನಲ್ ಅಷ್ಟು ಜನಕ್ಕೆ ಹಂಚಿಹೋಗಿತ್ತು.

"ಯಾಕೆ ಓಗ್ತಿಲ್ಲ?" ನಾರೆಪ್ಪ ಬಗ್ಗಿ ನೋಡಿದ.

"ನೀವೆಲ್ಲಾ ಪೋನ್ ನೋಡ್ತಿದ್ರೆ ನಮ್ದು ಎಂಗೆ ಓಗ್ತದೆ?" ಅಂದಳು ಗಂಗರತ್ನಮ್ಮ.

ಯಜಮಾನ ಕಟ್ಟೆಯ ಮೇಲೆ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದ. "ಎಲ್ಲಾ ಪೋನ್ ಆಫ್ ಮಾಡ್ರೋ. ಸಿನಿಮಾ ನಿಲ್ಸಿ. ಕ್ರಿಕೆಟ್ ನಿಲ್ಸಿ. ಸಾವು ಓಗ್ಬೇಕು, ದಾರಿ ಬಿಡಿ." ಬೀದಿಯ ಫೋನುಗಳು ಒಂದೊಂದಾಗಿ ಕಪ್ಪಾದವು. ಗುಡಿಯ ಪೂಜಾರಿ ದೇವರ ಹಾಡನ್ನು ಮಧ್ಯದಲ್ಲಿ ನಿಲ್ಲಿಸಿದ. ಹಾಲು ಅಳೆಯುವವನು ತನ್ನ ಮೆಷಿನ್ನನ್ನೂ ಆರಿಸಿ ಕೈಕಟ್ಟಿ ನಿಂತ. ಇಡೀ ದೊಡ್ಡಬೀದಿ ಆ ಚಕ್ರವನ್ನು ನೋಡಿತು.

ಚಕ್ರ ನಿಂತಿತು. ಇಂದ್ರಾಣಿಯ ಮುಖ ಬಂತು. ಎಲ್ಲೋ ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಳು.

ಮುನಿಶಾಮಪ್ಪ ಫೋನನ್ನು ಅಕ್ಕನ ಮುಖದ ಮೇಲೆ ಹಿಡಿದ. ಮಗಳು ನೋಡಿದಳು. ಬಾಯಿಗೆ ಬಟ್ಟೆ ತುರುಕಿಕೊಂಡು ನೋಡಿದಳು. ಆಮೇಲೆ ಅವನು ಫೋನನ್ನು ಕಿವಿಯ ಹತ್ತಿರ ಇಟ್ಟ.

"ಅವ್ವಾ."

ಬೀದಿಯಲ್ಲಿ ಹಸುವೊಂದು ಬಾಲ ಆಡಿಸಿತು.

"ಅವ್ವಾ."

ಕ್ಯಾನಿನ ಮೇಲೆ ಕೂತಿದ್ದವನು ಎದ್ದು ನಿಂತ.

"ಅವ್ವಾ, ನಾನು ಇಂದ್ರಾಣಿ."

ಓಬಳಮ್ಮ ಓಗೊಡಲಿಲ್ಲ. ಮುನಿಶಾಮಪ್ಪ ಕಾದ, ಬೇಕಾದ್ದಕ್ಕಿಂತ ಹೆಚ್ಚೇ ಕಾದ. ಆಮೇಲೆ ಅವಳ ಕಣ್ಣಿನ ರೆಪ್ಪೆ ಸವರಿ, "ಆಯ್ತು" ಅಂದ. ಈಗ ಸತ್ತಳು.

ಚಟ್ಟ ಎತ್ತಿದರು. ನಾರೆಪ್ಪ ಮುಂದೆ ಮುಂದೆ ಓಡಿ ಬೀದಿಯವರನ್ನು ಸರಿಸಿದ. ಬಾಗಿಲುಗಳು ದಡದಡ ಮುಚ್ಚಿಕೊಂಡವು. "ಬೇಗ ನಡೀರಿ, ಬೇಗ" ಎಂದು ಹಿಂದಿನಿಂದ ಕೂಗು. ಹೊತ್ತವರು ಹೆದರಿ ಓಟದ ನಡಿಗೆ ಹಾಕಿದರು. ಫೋನು ಇನ್ನೂ ಮುನಿಶಾಮಪ್ಪನ ಕೈಯಲ್ಲೇ ಇತ್ತು, ಕಟ್ಟೆಯ ಸಿಗ್ನಲ್ ಬಿಟ್ಟಿರಲಿಲ್ಲ, ಕರೆ ಇನ್ನೂ ಹೋಗುತ್ತಿತ್ತು.

"ಮಾವ, ಅದು ದೊಡ್ಡಬೀದಿ ಅಲ್ವಾ?"

"ಊಂ ಕಣಮ್ಮ."

"ಯಾಕೆ ಓಡ್ತಿದೀರ?"

"ಜನ ಬೈತವ್ರೆ ತಾಯಿ."

"ಬೈಲಿ ಬಿಡು. ದಿನಾ ಬೆಳಿಗ್ಗೆ ನಮ್ಮವ್ವ ಇವರ ಕೊಟ್ಟಿಗೆ ಬಾಚಿ, ಸಗಣಿ ಮಂಕರಿ ಹೊತ್ಕೊಂಡು ಈ ಬೀದೀಲಿ ಬಗ್ಗಿಕೊಂಡೇ ಓಡಾಡಿದ್ಲು. ಒಂದಿನಾನೂ ತಲೆ ಎತ್ತಿ ನೋಡ್ಲಿಲ್ಲ. ಇವತ್ತು ಆಕಾಶ ನೋಡ್ಕೊಂಡು ಓಗ್ತವ್ಳೆ." ಅವಳ ದನಿ ಈಗ ಪಿಸುಗುಡುತ್ತಿರಲಿಲ್ಲ. "ನಿಧಾನಕ್ಕೆ ನಡೀರಿ ಮಾವ."

ಮುನಿಶಾಮಪ್ಪ ತಿರುಗಿ ಹೊತ್ತವರನ್ನು ನೋಡಿದ. ಅವರಿಗೂ ಕೇಳಿಸಿತ್ತು. ಓಡುತ್ತಿದ್ದ ಕಾಲುಗಳು ಮೆಲ್ಲಗಾದವು. ಹೆಜ್ಜೆ ಸಣ್ಣದಾಯಿತು. ಬೀದಿ ಉದ್ದವಾಯಿತು.